ಸೊಟ್ಟಗಿದ್ದ ಮಿನಾರ್, ಮತ್ತೆ ಸೊಟ್ಟಗೇ ಯಾಕೆ?

ಬಿದ್ದುಹೋದ ಕಟ್ಟಡವನ್ನು ಮತ್ತೆ ಕಟ್ಟುವಾಗ ಯಾರಾದರೂ ಬೇಕಂತಲೇ ಸೊಟ್ಟಗೆ ಕಟ್ಟುತ್ತಾರಾ? ಇರಾಕ್‌ನ ಮೊಸುಲ್‌ನಲ್ಲಿ ಕಟ್ಟಿದ್ದಾರೆ. ಅದೂ ಯುನೆಸ್ಕೋ ಉಸ್ತುವಾರಿಯಲ್ಲಿ, ಯುಎಇ ಕೊಟ್ಟ ಹಣದಲ್ಲಿ. 2025ರ ಸೆಪ್ಟೆಂಬರ್‌ನಲ್ಲಿ ಇರಾಕ್ ಪ್ರಧಾನಿ ಬಂದು ಉದ್ಘಾಟನೆಯನ್ನೂ ಮಾಡಿದರು.

ಅಲ್ ನೂರಿ ಮಸೀದಿ ಅಂದರೆ ಟಿವಿ ನೋಡುವವರಿಗೆ ನೆನಪಾಗೋದು 2014ರ ಜುಲೈನ ಆ ವಿಡಿಯೋ. ಕಪ್ಪು ನಿಲುವಂಗಿಯ ಬಗ್ದಾದಿ, ಐಸಿಸ್‌ನ ಖಲೀಫನಾಗಿ ಭಾಷಣ ಮಾಡಿದ್ದು ಅಲ್ಲೇ. ಆ ದೃಶ್ಯ ಎಷ್ಟು ಸಲ ಓಡಿತೋ ಲೆಕ್ಕವಿಲ್ಲ. ಅದೇ ಆವರಣದ ಮಿನಾರ್‌ಗೆ ಎಂಟುನೂರು ವರ್ಷ ದಾಟಿತ್ತು ಅನ್ನೋದು ಮಾತ್ರ ಸುದ್ದಿಯಾಗಲಿಲ್ಲ.

ದೊರೆ ನೂರುದ್ದೀನ್ ಝಂಗಿ 1172ರ ಹೊತ್ತಿಗೆ ಕಟ್ಟಿಸಿದ ಮಸೀದಿ ಇದು. ಮಿನಾರ್ ಎತ್ತರ ಸುಮಾರು 45 ಮೀಟರ್. ಕೆಳಗೆ ಚೌಕಾಕಾರದ ಪೀಠ, ಮೇಲೆ ದುಂಡನೆಯ ಕಂಬ. ಕಂಬದ ಸುತ್ತ ಏಳು ಪಟ್ಟಿ, ಒಂದೊಂದರಲ್ಲೂ ಬೇರೆ ಬೇರೆ ವಿನ್ಯಾಸ. ಬಣ್ಣ ಬಳಿದಿಲ್ಲ, ಶಿಲ್ಪ ಕೆತ್ತಿಲ್ಲ. ಇಟ್ಟಿಗೆಯನ್ನೇ ಒಂದು ಕಡೆ ಸ್ವಲ್ಪ ಮುಂದೆ, ಇನ್ನೊಂದು ಕಡೆ ಸ್ವಲ್ಪ ಹಿಂದೆ ಇಟ್ಟಿದ್ದಾರೆ, ಅಷ್ಟೇ. ಮಿಕ್ಕ ಕೆಲಸ ಬಿಸಿಲು ಮತ್ತು ನೆರಳಿನದ್ದು. ಈ ಕಲೆಗೆ ಪರ್ಷಿಯನ್ನರು 'ಹಜಾರ್‌ಬಾಫ್' ಅಂತಾರೆ, ಸಾವಿರ ನೇಯ್ಗೆ ಅಂತ. ಮಸ್ಲಿನ್ ಬಟ್ಟೆಗೆ ಹೆಸರು ಕೊಟ್ಟ ಊರಿಗೆ ಒಪ್ಪುವ ಮಾತು! ಒಳಗೆ ಎರಡು ಸುರುಳಿ ಮೆಟ್ಟಿಲು, ಒಂದರೊಳಗೊಂದು ಹೆಣೆದುಕೊಂಡಂತೆ. ಹತ್ತುವವರು, ಇಳಿಯುವವರು ಡಿಕ್ಕಿ ಹೊಡೆಯೋ ಹಾಗಿಲ್ಲ. ಎಂಜಿನಿಯರಿಂಗ್ ಓದಿದ ನನಗೆ ಇದೇ ಹೆಚ್ಚು ಇಷ್ಟ.

ಇಂಥ ಮಿನಾರ್ ವಾಲಿತು. ತುದಿ ಸುಮಾರು ಎರಡೂವರೆ ಮೀಟರ್ ಪಕ್ಕಕ್ಕೆ. ಜನ ಪ್ರೀತಿಯಿಂದ 'ಅಲ್ ಹದ್ಬಾ' ಅಂದರು, ಅಂದರೆ ಗೂನಿ. ಕಾರಣ? ಒಂದೇ ಬದಿಗೆ ಬೀಳುವ ಬಿಸಿಲು, ಬೀಸುವ ಗಾಳಿ, ಜಿಪ್ಸಂ ಗಾರೆ, ಸಡಿಲ ಅಡಿಪಾಯ... ಪರಿಣತರು ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಊರಿನವರ ಕಥೆಗಳೇ ಚೆಂದ. ಸ್ವರ್ಗಾರೋಹಣದ ವೇಳೆ ಪ್ರವಾದಿ ಮೇಲೆ ಹಾದುಹೋದಾಗ ಮಿನಾರ್ ತಲೆಬಾಗಿತಂತೆ. ಕಾಲದ ಲೆಕ್ಕ ತಾಳೆಯಾಗಲ್ಲ, ಬಿಡಿ. ಅದು ಬಾಗಿದ್ದು ಮೇರಿ ಮಾತೆಯ ಸಮಾಧಿಯ ಕಡೆಗೆ ಅನ್ನೋದು ಅಲ್ಲಿನ ಕ್ರೈಸ್ತರ ಕಥೆ. ಒಂದೇ ಗೂನು, ಎರಡೂ ಕಡೆಯವರಿಗೆ ಸ್ವಂತ. ಹತ್ತು ಸಾವಿರ ದಿನಾರ್ ನೋಟಿನ ಮೇಲೂ ಅದರ ಚಿತ್ರ ಅಚ್ಚಾಯಿತು.

ವಾಲಿದ್ದು ಬೀಳಲೇಬೇಕು ಅಂತಿಲ್ಲ. ಭಾರದ ರೇಖೆ ಬುಡದೊಳಗೇ ಇಳಿಯುವವರೆಗೆ ಕಟ್ಟಡ ಉರುಳೋದಿಲ್ಲ. ಆದರೆ ವಾಲಿದ ಬದಿಯ ಇಟ್ಟಿಗೆ ಹೆಚ್ಚು ಹಿಂಡಿಸಿಕೊಳ್ಳುತ್ತೆ, ಎದುರು ಬದಿ ಎಳೆತಕ್ಕೆ ಸಿಗುತ್ತೆ. ಎಳೆತ ತಡೆಯೋದು ಇಟ್ಟಿಗೆಗೆ ಆಗದ ಕೆಲಸ. ಅದಕ್ಕೇ 1981ರಲ್ಲಿ ಇಟಲಿಯ ಸಂಸ್ಥೆಯೊಂದು ಅಡಿಪಾಯ ಬಲಪಡಿಸಿತ್ತು. 2014ರಲ್ಲಿ ಐಸಿಸ್ ಉಡಾಯಿಸಲು ಬಂದಾಗ ಊರಿನ ಜನ ಮಾನವ ಸರಪಳಿ ಕಟ್ಟಿ ಅಡ್ಡ ನಿಂತರು ಎಂಬ ವರದಿಯೂ ಬಂದಿತ್ತು. 2017ರ ಜೂನ್ 21ರಂದು, ಸೋಲು ಕಣ್ಣೆದುರು ಬಂದಾಗ, ಐಸಿಸ್ ಸ್ಫೋಟಿಸಿಯೇಬಿಟ್ಟಿತು. ಪೀಠದ ಮೊಂಡು ಮಾತ್ರ ಉಳಿಯಿತು.

ನೆಟ್ಟಗೆ ಕಟ್ಟೋದು ಎಂಜಿನಿಯರ್‌ಗಳಿಗೆ ಸುಲಭವಿತ್ತು. ಆದರೆ ಮೊಸುಲ್‌ಗೆ ಬೇಕಿದ್ದದ್ದು ತನ್ನ ಗೂನಿ. ಹಾಗಾಗಿ ಅವಶೇಷದಿಂದ ಹಳೇ ಇಟ್ಟಿಗೆ ಹೆಕ್ಕಿ, ಹೊಸದರ ಜೊತೆ ಸೇರಿಸಿ, ಬಾಗಿಸಿಯೇ ಎಬ್ಬಿಸಿದರು. 2024ರಲ್ಲಿ ಪ್ರಾರ್ಥನಾ ಮಂದಿರದ ಗೋಡೆಯೊಳಗೆ ಐದು ದೊಡ್ಡ ಬಾಂಬ್ ಸಿಕ್ಕವು. ಅವನ್ನೂ ತೆಗೆದರು. ಅದೇ ಯೋಜನೆಯಲ್ಲಿ ಅಲ್ ತಾಹೆರಾ ಚರ್ಚ್, ಗಡಿಯಾರ ಗೋಪುರದ ಅಲ್ ಸಾಆ ಚರ್ಚ್ ಕೂಡ ಎದ್ದು ನಿಂತಿವೆ.