ವೈದ್ಯರ ಮಾತು: ಟೇಪಿನಿಂದ ಅಂಕಿಗಳಿಗೆ

ರೋಗಿಯನ್ನು ಪರೀಕ್ಷಿಸಿದ ವೈದ್ಯರು ತಾವು ಕಂಡುದನ್ನೂ ಕೊಟ್ಟ ಔಷಧವನ್ನೂ ಬರೆದಿಡಬೇಕು. ಮುಂದೆ ಅದೇ ರೋಗಿಯನ್ನು ನೋಡುವ ಇನ್ನೊಬ್ಬ ವೈದ್ಯರಿಗೆ ಆ ಬರಹವೇ ದಾರಿ ತೋರಿಸತಕ್ಕುದು. ಆದರೆ ದಿನಕ್ಕೆ ಹತ್ತಾರು ರೋಗಿಗಳನ್ನು ನೋಡುವವರಿಗೆ ಅಷ್ಟನ್ನೂ ಕೈಯಾರೆ ಬರೆಯುವಷ್ಟು ಬಿಡುವು ಎಲ್ಲಿಯದು? ಆದ್ದರಿಂದ ಅಮೆರಿಕ ಮೊದಲಾದ ದೇಶಗಳಲ್ಲಿ ವೈದ್ಯರು ವಿವರವನ್ನು ಬಾಯಿಂದ ಹೇಳಿ ಯಂತ್ರದಲ್ಲಿ ಮುದ್ರಿಸುವ, ಬೇರೊಬ್ಬರು ಅದನ್ನು ಕೇಳಿ ಬೆರಳಚ್ಚು ಮಾಡುವ ಪದ್ಧತಿ ಬೆಳೆಯಿತು. ಇದಕ್ಕೆ ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್ ಎಂದು ಹೆಸರು. ಕೇಳಿ ಬರೆಯುವವರನ್ನು ನಾವು ಇಲ್ಲಿ ಲಿಪಿಕಾರರೆಂದು ಕರೆಯೋಣ.

1990ರ ದಶಕದಲ್ಲಿ ಈ ಕೆಲಸ ಬೆಂಗಳೂರಿಗೂ ಬಂದಿತು. ನಮ್ಮ ಗಡಿಯಾರ ನ್ಯೂಯಾರ್ಕಿನ ಗಡಿಯಾರಕ್ಕಿಂತ, ಋತುವಿಗೆ ತಕ್ಕಂತೆ, ಒಂಬತ್ತೂವರೆ ಅಥವಾ ಹತ್ತೂವರೆ ಗಂಟೆ ಮುಂದಿರುತ್ತದೆ. ಅಲ್ಲಿನ ವೈದ್ಯರು ಸಂಜೆ ಹೇಳಿ ಮುಗಿಸಿದುದನ್ನು ಇಲ್ಲಿನವರು ಹಗಲಿನಲ್ಲಿ ಬರೆದರೆ, ಅಲ್ಲಿ ಬೆಳಗಾಗುವಷ್ಟರಲ್ಲಿ ಬರಹ ಸಿದ್ಧವಾಗಿರುತ್ತದೆ. ಟೇಪಿನ ಸುರುಳಿಗಳನ್ನು ವಿಮಾನದಲ್ಲಿ ಕಳುಹಿಸಿ ಇದನ್ನು ಸಾಧಿಸಲು ಆಗುತ್ತಿರಲಿಲ್ಲ. ಧ್ವನಿಯನ್ನು ಅಂಕಿಗಳಾಗಿ ಮಾರ್ಪಡಿಸಿದ್ದರಿಂದಲೇ ಇದು ಸಾಧ್ಯವಾಯಿತು. ಈ ಮಾರ್ಪಾಡಿನಿಂದ ನಾವು ಪಡೆದುದೇನು, ಕಳೆದುಕೊಳ್ಳಬಹುದಾದುದೇನು ಎಂಬುದನ್ನು ವಿಚಾರಿಸೋಣ.

ಅಮೆರಿಕದವರೆಗೆ ಹೋಗದೆ ಸಮೀಪದ ನಿದರ್ಶನವನ್ನೇ ತೆಗೆದುಕೊಳ್ಳೋಣ. ಮಂಡ್ಯ ಜಿಲ್ಲೆಯ ಪಾಂಡವಪುರ ಉಪವಿಭಾಗದಲ್ಲಿ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಎಂಬ ನಾಲ್ಕು ತಾಲ್ಲೂಕುಗಳಿವೆ. ನಾಗಮಂಗಲದಲ್ಲಿ ಒಬ್ಬ ವೈದ್ಯರು ಟೇಪಿನಲ್ಲಿ ಮಾತನ್ನು ಮುದ್ರಿಸಿದರೆಂದೂ ಲಿಪಿಕಾರರು ಶ್ರೀರಂಗಪಟ್ಟಣದಲ್ಲಿ ಇದ್ದಾರೆಂದೂ ಊಹಿಸಿಕೊಳ್ಳಿ. ಕ್ಯಾಸೆಟ್ಟು ಬಸ್ಸನ್ನೇರಿ ಪಾಂಡವಪುರವನ್ನು ಹಾದು ಶ್ರೀರಂಗಪಟ್ಟಣಕ್ಕೆ ಬರಬೇಕು. ಬರೆದ ಕಾಗದ ಅದೇ ದಾರಿಯಲ್ಲಿ ಹಿಂದಿರುಗಬೇಕು. ಕೃಷ್ಣರಾಜಪೇಟೆಯಲ್ಲಿರುವ ಇನ್ನೊಬ್ಬ ವೈದ್ಯರಿಗೂ ಆ ಧ್ವನಿ ಬೇಕಾದರೆ ಮತ್ತೊಂದು ಪ್ರತಿ ಮಾಡಬೇಕು. ತುರ್ತಾದ ರೋಗಿಯ ವಿವರ ಸುರುಳಿಯ ಕೊನೆಯಲ್ಲಿದ್ದರೆ ಅಲ್ಲಿಯವರೆಗೂ ಸುತ್ತಿಸದೆ ಅದು ತಿಳಿಯದು.

ಟೇಪು ಮಾತನ್ನು ಹಿಡಿಯುವ ಬಗೆ ಹೀಗೆ. ಮೈಕ್ರೊಫೋನು ಗಾಳಿಯ ಕಂಪನವನ್ನು ವಿದ್ಯುತ್ತಿನ ಏರಿಳಿತವಾಗಿ ಮಾರ್ಪಡಿಸುತ್ತದೆ. ಆ ವಿದ್ಯುತ್ತು ಒಂದು ಪುಟ್ಟ ವಿದ್ಯುತ್ಕಾಂತದ ಮೂಲಕ ಹರಿಯುವಾಗ, ಅದರ ಎದುರಿನಲ್ಲಿ ಸಾಗುವ ಪಟ್ಟಿಯ ಮೇಲಿನ ಕಬ್ಬಿಣದ ಆಕ್ಸೈಡಿನ ಕಣಗಳು ಹೆಚ್ಚುಕಡಿಮೆಯಾಗಿ ಕಾಂತತ್ವವನ್ನು ಪಡೆಯುತ್ತವೆ. ಡೆನ್ಮಾರ್ಕಿನ ವಾಲ್ಡೆಮಾರ್ ಪೌಲ್ಸೆನ್ 1898ರಲ್ಲಿ ಉಕ್ಕಿನ ತಂತಿಯ ಮೇಲೆ ಇದನ್ನು ಸಾಧಿಸಿದರು. 1928ರಲ್ಲಿ ಜರ್ಮನಿಯ ಫ್ರಿಟ್ಸ್ ಫ್ಲ್ಯೂಮರ್ ತಂತಿಗೆ ಬದಲಾಗಿ ಪುಡಿ ಬಳಿದ ಕಾಗದದ ಪಟ್ಟಿಯನ್ನು ಉಪಯೋಗಿಸಿದರು. 1963ರಲ್ಲಿ ಫಿಲಿಪ್ಸ್ ಸಂಸ್ಥೆಯ ಕ್ಯಾಸೆಟ್ಟೂ 1969ರಲ್ಲಿ ಒಲಿಂಪಸ್ ಸಂಸ್ಥೆಯ ಮೈಕ್ರೊಕ್ಯಾಸೆಟ್ಟೂ ಬಂದ ಮೇಲೆ ಯಂತ್ರ ವೈದ್ಯರ ಜೇಬಿಗೆ ಇಳಿಯಿತು.

ಯಂತ್ರ ಕಿರಿದಾದುದಕ್ಕೆ ಬೆಲೆಯನ್ನೂ ತೆರಬೇಕಾಯಿತು. ಸಾಧಾರಣ ಕ್ಯಾಸೆಟ್ಟಿನ ಪಟ್ಟಿ ಸೆಕೆಂಡಿಗೆ 4.76 ಸೆಂಟಿಮೀಟರು ಸಾಗುತ್ತದೆ, ಮೈಕ್ರೊಕ್ಯಾಸೆಟ್ಟಿನದು 2.4 ಸೆಂಟಿಮೀಟರು ಮಾತ್ರ. ಸೆಕೆಂಡಿಗೆ 4000 ಕಂಪನಗಳುಳ್ಳ ಧ್ವನಿಯನ್ನು ಇದರಲ್ಲಿ ಮುದ್ರಿಸಿದರೆ ಒಂದೊಂದು ಕಂಪನಕ್ಕೆ ದೊರೆಯುವ ಸ್ಥಳ ಮಿಲಿಮೀಟರಿನ ಸಾವಿರದಲ್ಲಿ ಆರು ಪಾಲು. ಪಟ್ಟಿ ನಿಧಾನವಾದಷ್ಟೂ ಈ ಸ್ಥಳ ಕಿರಿದಾಗಿ, ಉಚ್ಚ ಸ್ವರಗಳು ಒಂದರೊಳಗೊಂದು ಬೆರೆತು ಮಸುಕಾಗುತ್ತವೆ. ಜೊತೆಗೆ ಕಣಗಳ ಒರಟುತನದಿಂದ ಸದಾ ಒಂದು 'ಸುಸ್' ಎಂಬ ಸದ್ದು ಕೇಳುತ್ತಿರುತ್ತದೆ. ಪ್ರತಿಯಿಂದ ಪ್ರತಿ ಮಾಡಿದಂತೆಲ್ಲ ಆ ಸದ್ದು ಬೆಳೆಯುತ್ತ ಹೋಗುತ್ತದೆ.

ಹಾಗಾದರೆ ಧ್ವನಿಯನ್ನು ಅಂಕಿಗಳಾಗಿ ಬರೆಯುವುದು ಹೇಗೆ? ಶ್ರೀರಂಗಪಟ್ಟಣದ ಸಮೀಪದ ಕೃಷ್ಣರಾಜಸಾಗರವನ್ನು ನೆನೆಯಿರಿ. ಅದರ ಪೂರ್ಣ ಮಟ್ಟ 124.80 ಅಡಿ. ಜಲಾಶಯದ ಮಟ್ಟ ಎಷ್ಟೆಂದು ಬೆಂಗಳೂರಿನವರು ಕೇಳಿದರೆ ನಾವು ನೀರನ್ನು ಹೊತ್ತುಕೊಂಡು ಹೋಗುವುದಿಲ್ಲ. ಅಳತೆಪಟ್ಟಿಯನ್ನು ನೋಡಿ ಅಂಕಿಯನ್ನು ತಿಳಿಸುತ್ತೇವೆ. ದಿನದಿನದ ಅಂಕಿಗಳು ಕೈಯಲ್ಲಿದ್ದರೆ ಮಟ್ಟ ಏರಿದ, ಇಳಿದ ಬಗೆಯನ್ನು ಯಾರು ಬೇಕಾದರೂ ರೇಖೆಯಾಗಿ ಎಳೆಯಬಹುದು. ಧ್ವನಿಯ ವಿಷಯದಲ್ಲಿಯೂ ಹೀಗೆಯೇ. ವಿದ್ಯುತ್ತಿನ ಏರಿಳಿತವನ್ನು ಸೆಕೆಂಡಿಗೆ ಸಾವಿರಾರು ಸಲ ಅಳೆದು ಪ್ರತಿಯೊಂದು ಅಳತೆಯನ್ನೂ ಅಂಕಿಯಾಗಿ ಬರೆದಿಡಲಾಗುತ್ತದೆ. ಕಿವಿಗೆ ಬೇಕಾದಾಗ ಅದೇ ಅಂಕಿಗಳಿಂದ ಏರಿಳಿತವನ್ನು ಮತ್ತೆ ಕಟ್ಟಿಕೊಳ್ಳಬಹುದು.

ಅಂಕಿಗೆ ಸವೆತವಿಲ್ಲ. 124 ಎಂಬುದನ್ನು ಹತ್ತು ಜನ ಒಬ್ಬರಿಂದೊಬ್ಬರು ಸರಿಯಾಗಿ ನಕಲು ಮಾಡಿದರೆ ಹತ್ತನೆಯವರ ಕೈಯಲ್ಲಿಯೂ 124 ಇರುತ್ತದೆ. ಆದ್ದರಿಂದ ನಾಗಮಂಗಲದ ಧ್ವನಿ ಶ್ರೀರಂಗಪಟ್ಟಣದಲ್ಲಿಯೂ ಕೃಷ್ಣರಾಜಪೇಟೆಯಲ್ಲಿಯೂ ಏಕಕಾಲದಲ್ಲಿ ಇರಬಹುದು. ಮೂರೂ ಕಡೆ ಅದು ಮೂಲವೇ. ಕಡತದ ತಲೆಯಲ್ಲಿ ರೋಗಿಯ ಸಂಖ್ಯೆ, ದಿನಾಂಕ, 'ತುರ್ತು' ಎಂಬ ಗುರುತು ಇವನ್ನು ಸೇರಿಸಬಹುದಾದುದರಿಂದ ಲಿಪಿಕಾರರು ಅಗತ್ಯವಾದುದನ್ನು ಮೊದಲು ತೆರೆಯಬಲ್ಲರು. ಟೇಪಿನ ಕಾಲದಲ್ಲಿ ಧ್ವನಿಯನ್ನು ನಿಲ್ಲಿಸಿ ಹಿಂದಕ್ಕೆ ಸರಿಸುತ್ತಿದ್ದ ಕಾಲಿನ ಮೆಟ್ಟಿಲು ಯಂತ್ರ ಮಾತ್ರ ಇಂದಿಗೂ ಹೋಗಿಲ್ಲ. ಕೈ ಬರೆಯುವಾಗ ಕಾಲೇ ಧ್ವನಿಯನ್ನು ಆಳಬೇಕಷ್ಟೆ! ಅದನ್ನು ಈಗ ಕಂಪ್ಯೂಟರಿಗೆ ಜೋಡಿಸುತ್ತಾರೆ.

ಇನ್ನು ಕಳೆದುಕೊಳ್ಳುವ ಮಾತು. ಜಲಾಶಯವನ್ನು ದಿನಕ್ಕೆ ಒಂದೇ ಸಲ ಅಳೆದರೆ ಮಧ್ಯಾಹ್ನ ಏರಿ ರಾತ್ರಿ ಇಳಿದ ನೀರು ಪುಸ್ತಕದಲ್ಲಿ ಕಾಣಿಸುವುದೇ ಇಲ್ಲ. ಒಂದು ಕಂಪನವನ್ನು ಹಿಡಿಯಬೇಕಾದರೆ ಅದರ ಆವೃತ್ತಿಯ ಎರಡರಷ್ಟಕ್ಕಿಂತ ಹೆಚ್ಚು ಸಲ ಅಳೆಯಬೇಕೆಂಬುದು ನೈಕ್ವಿಸ್ಟ್ ಮತ್ತು ಶ್ಯಾನನ್ ಎಂಬ ವಿಜ್ಞಾನಿಗಳ ಹೆಸರಿನಿಂದ ಪ್ರಸಿದ್ಧವಾದ ನಿಯಮ. ದೂರವಾಣಿಯ ಹಳೆಯ ಅಂಕೀಯ ಪದ್ಧತಿಯಲ್ಲಿ ಸೆಕೆಂಡಿಗೆ 8000 ಅಳತೆಗಳು. ಆದ್ದರಿಂದ 4000ದಿಂದ ಮೇಲಿನ ಕಂಪನಗಳಿಗೆ ಅಲ್ಲಿ ಸ್ಥಳವಿಲ್ಲ. ಆದರೆ 'ಸ'ಕಾರದ ಶಕ್ತಿಯಲ್ಲಿ ಹೆಚ್ಚಿನ ಭಾಗ ಇರುವುದು ಆ ಮೇಲಿನ ಪ್ರದೇಶದಲ್ಲಿಯೇ. ದೂರವಾಣಿಯಲ್ಲಿ ಹೆಸರು ಹೇಳುವಾಗ 'ಎಸ್' ಎಂದುದು 'ಎಫ್' ಎಂದು ಕೇಳಿಸುವುದಕ್ಕೆ ಇದೇ ಕಾರಣ.

ಹೆಚ್ಚು ಸಲ ಅಳೆಯಬಾರದೇಕೆ? ಅಳೆಯಬಹುದು; ಆದರೆ ಅಂಕಿಗಳ ಹೊರೆ ಹೆಚ್ಚುತ್ತದೆ. 8000 ಅಳತೆಗಳಿಗೆ ಎಂಟೆಂಟು ಬಿಟ್‌ನಂತೆ ಸೆಕೆಂಡಿಗೆ 64,000 ಬಿಟ್‌ಗಳಾದವು. ಒಂದು ನಿಮಿಷದ ಮಾತಿಗೆ 38,40,000. 1990ರ ದಶಕದ ನಡುವಣ ಮೋಡೆಮ್ಮು ಸೆಕೆಂಡಿಗೆ 28,800 ಬಿಟ್‌ಗಳನ್ನು ಸಾಗಿಸುತ್ತಿತ್ತು. ಅದರಲ್ಲಿ ಒಂದು ನಿಮಿಷದ ಮಾತು ಸಾಗಲು ಎರಡು ನಿಮಿಷಕ್ಕೂ ಹೆಚ್ಚು ಕಾಲ ಬೇಕು. 1994ರಲ್ಲಿ ಗ್ರುಂಡಿಗ್, ಒಲಿಂಪಸ್, ಫಿಲಿಪ್ಸ್ ಸಂಸ್ಥೆಗಳು ಸೇರಿ ರೂಪಿಸಿದ ಡಿ.ಎಸ್.ಎಸ್. ಎಂಬ ಪದ್ಧತಿ ಮಾತನ್ನು ಸೆಕೆಂಡಿಗೆ ಸುಮಾರು 14,000 ಬಿಟ್‌ಗಳಿಗೆ ಅಡಕಗೊಳಿಸಿತು. ಆಗ ಅದೇ ಮಾತು ಅರ್ಧ ನಿಮಿಷದಲ್ಲಿ ತಲುಪಿತು. ಆದರೆ ಅಡಕಗೊಳಿಸುವುದೆಂದರೆ ಕಿವಿಗೆ ಅಷ್ಟಾಗಿ ಬೇಡವೆಂದು ತೋರಿದ ಭಾಗವನ್ನು ಬಿಟ್ಟುಬಿಡುವುದು. ಹೀಗೆ ಬಿಟ್ಟುದು ಮತ್ತೆ ದೊರೆಯದು.

ಸಂಗೀತದಲ್ಲಿ ಇಷ್ಟು ನಷ್ಟವಾದರೆ ರುಚಿ ಕೆಡುತ್ತದೆ, ಅಷ್ಟೆ. ವೈದ್ಯರ ಮಾತಿನಲ್ಲಿ ಹಾಗಲ್ಲ. 'ಹೈಪರ್‌ಟೆನ್ಷನ್' ಎಂದರೆ ರಕ್ತದ ಒತ್ತಡ ಹೆಚ್ಚಿರುವುದು, 'ಹೈಪೊಟೆನ್ಷನ್' ಎಂದರೆ ಕಡಿಮೆಯಿರುವುದು. 'ಡಿಸ್‌ಫೇಜಿಯ' ಎಂದರೆ ನುಂಗಲು ತೊಂದರೆ. 'ಡಿಸ್‌ಫೇಸಿಯ' ಎಂದರೆ ಮಾತಿಗೆ ತೊಂದರೆ. ಇಂಗ್ಲಿಷಿನ 'ಫಿಫ್ಟೀನ್' 'ಫಿಫ್ಟಿ' ಆದರೆ ಔಷಧದ ಪ್ರಮಾಣ ಮೂರು ಪಟ್ಟನ್ನೂ ಮೀರುತ್ತದೆ. ಸೆಲೆಬ್ರೆಕ್ಸ್ ಕೀಲುನೋವಿನ ಔಷಧ, ಸೆರೆಬಿಕ್ಸ್ ಅಪಸ್ಮಾರದ್ದು, ಸೆಲೆಕ್ಸ ಮನಸ್ಸಿನ ಖಿನ್ನತೆಯದು. ಸದ್ದುಗದ್ದಲದ ವಾರ್ಡಿನಲ್ಲಿ, ಅವಸರದ ನಾಲಗೆಯಿಂದ ಹೊರಟ ಇಂಥ ಮಾತನ್ನು ಮಸುಕಾದ ಧ್ವನಿಯಲ್ಲಿ ಕೇಳಿ ಬರೆಯುವವರ ಹೊಣೆ ಎಷ್ಟೆಂದು ಊಹಿಸಬಹುದು.

ಆದುದರಿಂದಲೇ ಈ ಕಸುಬಿನಲ್ಲಿ ಒಂದು ಕಟ್ಟುನಿಟ್ಟಾದ ನಿಯಮವುಂಟು. ಸ್ಪಷ್ಟವಾಗಿ ಕೇಳಿಸದ ಮಾತನ್ನು ಊಹಿಸಿ ಬರೆಯಕೂಡದು. ಅಲ್ಲಿ ಖಾಲಿ ಜಾಗ ಬಿಟ್ಟು, ಗುರುತು ಹಾಕಿ, ಹೇಳಿದವರನ್ನೇ ಕೇಳಬೇಕು. ತುಂಬಿದ ತಪ್ಪಿಗಿಂತ ಖಾಲಿ ಜಾಗವೇ ರೋಗಿಗೆ ಕ್ಷೇಮ.

ಅಂಕಿಗಳ ಸೌಲಭ್ಯ ಇನ್ನೊಂದು ಹೊಣೆಯನ್ನೂ ತಂದಿತು. ಬಸ್ಸಿನಲ್ಲಿ ಹೋಗುವ ಕ್ಯಾಸೆಟ್ಟನ್ನು ಕದಿಯಬೇಕಾದರೆ ಬಸ್ಸನ್ನೇ ಹತ್ತಬೇಕು. ಕಡತವನ್ನಾದರೋ ಯಾರಿಗೂ ತಿಳಿಯದಂತೆ ನಕಲು ಮಾಡಬಹುದು. ರೋಗಿಯ ಗುಟ್ಟನ್ನು ಕಾಪಾಡಲು ಅಮೆರಿಕದಲ್ಲಿ 1996ರಲ್ಲಿ ಕಾನೂನಾಯಿತು. ನಮ್ಮ ದೇಶದಲ್ಲಿ ಅಂಕೀಯ ರೂಪದ ವೈಯಕ್ತಿಕ ವಿವರಗಳ ರಕ್ಷಣೆಗೆ 2023ರಲ್ಲಿ ಅಧಿನಿಯಮವಾಗಿದೆ.

ಧ್ವನಿ ಅಂಕಿಗಳಾದ ಮೇಲೆ ಯಂತ್ರವೇ ಅದನ್ನು ಓದುವುದಕ್ಕೂ ದಾರಿಯಾಯಿತು. ಈಗ ಅನೇಕ ಕಡೆ ಕಂಪ್ಯೂಟರು ಮೊದಲ ಕರಡನ್ನು ಬರೆಯುತ್ತದೆ. ಲಿಪಿಕಾರರು ಅದನ್ನು ತಿದ್ದುತ್ತಾರೆ. ಇದರಿಂದ ಹಳೆಯ ಬಗೆಯ ಉದ್ಯೋಗ ಕುಗ್ಗಿದುದು ನಿಜ. ಆದರೆ ಯಂತ್ರಕ್ಕೆ ಒಂದು ದೋಷವುಂಟು: ಕೇಳಿಸದ ಕಡೆ ಜಾಗ ಬಿಡುವ ಬದಲು ಅದು ಹೊಂದುವಂತೆ ತೋರುವ ಯಾವುದೋ ಪದವನ್ನು ಬರೆದುಬಿಡುತ್ತದೆ. ವಾಕ್ಯ ನಯವಾಗಿರುವುದರಿಂದಲೇ ಆ ತಪ್ಪು ಕಣ್ಣಿಗೆ ಬೀಳುವುದು ಕಷ್ಟ. ನಮ್ಮ ಕಡೆಯ ರೋಗಿ 'ಎದೆ ಹಿಡಿದ ಹಾಗಾಗುತ್ತೆ' ಎನ್ನುವುದನ್ನೂ ವೈದ್ಯರು ನಡುವೆ ಸೇರಿಸುವ ಇಂಗ್ಲಿಷ್ ಔಷಧದ ಹೆಸರನ್ನೂ ಒಟ್ಟಿಗೆ ಅರಿಯಬಲ್ಲ ಮನುಷ್ಯರ ಅಗತ್ಯ ಇದರಿಂದ ತಪ್ಪಿಲ್ಲ. ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ 1980ರ ದಶಕದ ನಡುವಿನಿಂದ ವೈದ್ಯಕೀಯ ಕಾಲೇಜು ಇದೆ. ಆಸ್ಪತ್ರೆಯ ಭಾಷೆಯೂ ಹಳ್ಳಿಯ ಭಾಷೆಯೂ ದಿನವೂ ಸಂಧಿಸುವುದು ಇಂಥ ಊರುಗಳಲ್ಲಿಯೇ.

ವಾಚಕರು ಈ ಸಂಗತಿಯನ್ನು ತಾವೇ ಪರೀಕ್ಷಿಸಿ ನೋಡಬಹುದು. ಧ್ವನಿ ಮುದ್ರಿಸುವ ತಂತ್ರಾಂಶಗಳಲ್ಲಿ ಸೆಕೆಂಡಿಗೆ ಎಷ್ಟು ಅಳತೆಗಳೆಂಬುದನ್ನು ಆರಿಸಿಕೊಳ್ಳುವ ಅನುಕೂಲವಿರುತ್ತದೆ. 'ಅಸ', 'ಅಶ', 'ಅಫ' ಎಂಬ ಉಚ್ಚಾರಗಳನ್ನು ಹಿಂದುಮುಂದಾಗಿ ಮೂವತ್ತು ಸಲ ಹೇಳಿ, ಒಮ್ಮೆ 44,100ರಲ್ಲಿಯೂ ಒಮ್ಮೆ 8000ದಲ್ಲಿಯೂ ಮುದ್ರಿಸಿರಿ. ಹೇಳುವುದನ್ನು ಕೇಳಿರದ ಒಬ್ಬ ಮಿತ್ರನಿಗೆ ಎರಡನ್ನೂ ಕೇಳಿಸಿ ಬರೆಯಲು ಹೇಳಿ, ತಪ್ಪುಗಳನ್ನು ಎಣಿಸಿರಿ. ತಿಳಿಯದ ಕಡೆ ಖಾಲಿ ಬಿಡಬೇಕೆಂಬ ನಿಯಮವನ್ನು ಮೊದಲೇ ತಿಳಿಸಿರಿ. ಆತ ಎಷ್ಟು ಕಡೆ ಖಾಲಿ ಬಿಟ್ಟ, ಎಷ್ಟು ಕಡೆ ಊಹಿಸಿ ಬರೆದ ಎಂಬ ಲೆಕ್ಕವನ್ನೂ ಬೇರೆಯಾಗಿ ಇಡಿರಿ. ಆಸ್ಪತ್ರೆಯ ದೃಷ್ಟಿಯಿಂದ ಎರಡನೆಯ ಲೆಕ್ಕವೇ ಹೆಚ್ಚು ಮುಖ್ಯವಾದುದು.