ಚಂದ್ರನ ದತ್ತಾಂಶ ಭಂಡಾರ

ಭೂಮಿಗೂ ಚಂದ್ರನಿಗೂ ಇರುವ ಸರಾಸರಿ ದೂರ ಸುಮಾರು 3,84,400 ಕಿಲೋಮೀಟರು. ಚಂದ್ರನನ್ನು ಸುತ್ತಲು ಹೋದ ನೌಕೆಗಳಲ್ಲಿ ಹೆಚ್ಚಿನವು ಹಿಂದಿರುಗುವುದಿಲ್ಲ. ಅವು ಕಂಡದ್ದು ಅಂಕೆಗಳಾಗಿ ಮಾರ್ಪಟ್ಟು, ರೇಡಿಯೊ ಅಲೆಗಳ ಮೂಲಕ ನಮ್ಮನ್ನು ತಲಪುತ್ತದೆ. ಈ ಅಂಕೆಗಳನ್ನೇ ದತ್ತಾಂಶವೆನ್ನುತ್ತಾರೆ. ನೌಕೆ ಮೌನವಾದ ಮೇಲೆ ನಮಗೆ ಉಳಿಯುವ ಸಂಪತ್ತು ಇದೇ.

2008ರ ಅಕ್ಟೋಬರ್ 22ರಂದು ಶ್ರೀಹರಿಕೋಟೆಯಿಂದ ಹೊರಟ ಚಂದ್ರಯಾನ-1 ನೌಕೆಯು 2009ರ ಆಗಸ್ಟ್ ಕೊನೆಯಲ್ಲಿ ಸಂಪರ್ಕ ಕಳೆದುಕೊಂಡಿತು. ಆದರೆ ಅದರಲ್ಲಿದ್ದ ಅಮೆರಿಕದ ಉಪಕರಣವೊಂದು ಚಂದ್ರನ ಮೇಲೆ ನೀರಿನ ಅಂಶವನ್ನು ಗುರುತಿಸಿದ ಸಂಗತಿ ಪ್ರಕಟವಾದದ್ದು ಅನಂತರ, ಸೆಪ್ಟೆಂಬರಿನಲ್ಲಿ. ಅದೇ ದತ್ತಾಂಶವನ್ನು ಮತ್ತೆ ಪರಿಶೀಲಿಸಿದ ವಿಜ್ಞಾನಿಗಳು, 2018ರಲ್ಲಿ ಚಂದ್ರನ ಧ್ರುವಗಳ ನೆರಳು ಕವಿದ ನೆಲದಲ್ಲಿ ಮಂಜುಗಡ್ಡೆಯಿದೆಯೆಂದು ತಿಳಿಸಿದರು. ಅಂಕೆಗಳನ್ನು ಜೋಪಾನವಾಗಿ ಇಡದೆ ಹೋಗಿದ್ದರೆ ಈ ಅರಿವು ನಮಗೆ ದೊರೆಯುತ್ತಿರಲಿಲ್ಲ.

ಇಂಥ ದತ್ತಾಂಶವನ್ನು ಕಾಪಾಡುವ ಕೇಂದ್ರವೊಂದು ನಮ್ಮ ನಾಡಿನಲ್ಲಿಯೇ ಇದೆ. ಬೆಂಗಳೂರಿಗೆ ಸಮೀಪದ ಬ್ಯಾಲಾಳು ಗ್ರಾಮದಲ್ಲಿ 18 ಮೀಟರ್ ಮತ್ತು 32 ಮೀಟರ್ ವ್ಯಾಸದ ಬೃಹತ್ ಆಂಟೆನಾಗಳು ದೂರದ ನೌಕೆಗಳ ಸಂಕೇತಗಳನ್ನು ಸ್ವೀಕರಿಸುತ್ತವೆ. ಭಾರತೀಯ ಅಂತರಿಕ್ಷ ವಿಜ್ಞಾನ ದತ್ತಾಂಶ ಕೇಂದ್ರವೂ ಅಲ್ಲಿಯೇ ಇದೆ.

ಸಂಗ್ರಹಿಸಿದ್ದು ಬೇಕಾದವರ ಕೈಗೆ ಸಿಗಬೇಕಲ್ಲವೆ? ಅದಕ್ಕಾಗಿ ಈ ಕೇಂದ್ರವು 'ಪ್ರದಾನ್' ಎಂಬ ಗಣಕ ವ್ಯವಸ್ಥೆಯನ್ನು ರೂಪಿಸಿದೆ. ಚಂದ್ರಯಾನ-2ರ ದತ್ತಾಂಶವು 2020ರ ಡಿಸೆಂಬರಿನಿಂದ ಇದರ ಮೂಲಕ ಸಾರ್ವಜನಿಕರಿಗೆ ದೊರೆಯತೊಡಗಿತು. ಹೆಸರು ನೋಂದಾಯಿಸಿಕೊಂಡವರು ತಮಗೆ ಬೇಕಾದ ಉಪಕರಣವನ್ನು ಆರಿಸಿ, ಕಡತಗಳನ್ನು ತಮ್ಮ ಗಣಕಕ್ಕೆ ಇಳಿಸಿಕೊಳ್ಳಬಹುದು.

ಪ್ರತಿಯೊಂದು ಕಡತದೊಡನೆ ಒಂದು ವಿವರಪಟ್ಟಿ ಇರುತ್ತದೆ. ಯಾವ ಉಪಕರಣ, ಯಾವ ಹೊತ್ತಿನಲ್ಲಿ ಅಳೆಯಿತೆಂಬ ಸಂಗತಿಗಳನ್ನು ಅದು ಹೇಳುತ್ತದೆ. ಮಂಡ್ಯ ಜಿಲ್ಲೆಯ ಕೆರಗೋಡಿನ ರೈತನೊಬ್ಬನ ಪಹಣಿಯಲ್ಲಿ ಸರ್ವೆ ನಂಬರೇ ಇಲ್ಲದಿದ್ದರೆ ಅದು ಯಾವ ಹೊಲದ್ದೆಂದು ಹೇಳಲಾದೀತೆ? ವಿವರಪಟ್ಟಿಯಿಲ್ಲದ ಅಂಕೆಗಳೂ ಹಾಗೆಯೇ. ಅವು ಇದ್ದೂ ಇಲ್ಲದಂತೆ.

ದತ್ತಾಂಶವನ್ನು ಬಳಸಲು ದೊಡ್ಡ ಪ್ರಯೋಗಶಾಲೆಯೇ ಬೇಕೆಂದಿಲ್ಲ. 2019ರ ಸೆಪ್ಟೆಂಬರಿನಲ್ಲಿ ವಿಕ್ರಮ್ ಇಳಿನೌಕೆ ಚಂದ್ರನಿಗೆ ಅಪ್ಪಳಿಸಿತು. ಅಮೆರಿಕದ ನೌಕೆಯೊಂದು ತೆಗೆದು, ಎಲ್ಲರಿಗೂ ತೆರೆದಿಟ್ಟ ಚಿತ್ರಗಳನ್ನು ಚೆನ್ನೈನ ಇಂಜಿನಿಯರ್ ಷಣ್ಮುಗ ಸುಬ್ರಮಣಿಯನ್ ತಾಳ್ಮೆಯಿಂದ ಹೋಲಿಸಿದರು. ಹಳೆಯ ಚಿತ್ರದಲ್ಲಿಲ್ಲದ ಸಣ್ಣದೊಂದು ಚುಕ್ಕೆ ಹೊಸ ಚಿತ್ರದಲ್ಲಿ ಅವರಿಗೆ ಕಂಡಿತು. ಅದು ವಿಕ್ರಮ್‌ನ ಅವಶೇಷವೆಂದು ಅಮೆರಿಕದ ಬಾಹ್ಯಾಕಾಶ ಸಂಸ್ಥೆ ಅದೇ ವರ್ಷದ ಡಿಸೆಂಬರಿನಲ್ಲಿ ದೃಢಪಡಿಸಿತು.

ನೌಕೆಯನ್ನು ಕಳುಹಿಸಲು ಒಂದು ರಾಷ್ಟ್ರದ ಶಕ್ತಿ ಬೇಕು. ಅದು ತಂದ ಅರಿವನ್ನು ಬೆಳೆಸಲು ತೆರೆದ ಭಂಡಾರ ಮತ್ತು ಸೂಕ್ಷ್ಮ ದೃಷ್ಟಿ ಬೇಕು. ಭಂಡಾರದ ಬಾಗಿಲು ತೆರೆದಿದೆ. ದೃಷ್ಟಿಯನ್ನು ವಿದ್ಯಾರ್ಥಿಗಳು ತಾವೇ ಬೆಳೆಸಿಕೊಳ್ಳಬೇಕು.