ಧ್ವನಿ ನಡಿಗೆ: ಕೋಲಾರ ಪಟ್ಟಣವನ್ನು ಪಾಠವಾಗಿಸುವ ಒಂದು ವಿಧಾನ

ಪೀಠಿಕೆ

ಬೋಧನಾಭ್ಯಾಸದ ಅವಧಿಯಲ್ಲಿ ಸಮಾಜ ವಿಜ್ಞಾನದ ಪಾಠಗಳನ್ನು ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತು ಹಲವು ವರ್ಷಗಳಿಂದ ಅವಲೋಕಿಸುತ್ತಾ ಬಂದಿದ್ದೇನೆ. ಗಂಗರ ಪಾಠಕ್ಕೆ ತಲಕಾಡಿನ ಚಿತ್ರಪಟ ಬರುತ್ತದೆ, ಚೋಳರ ಪಾಠಕ್ಕೆ ತಂಜಾವೂರಿನ ಚಿತ್ರಪಟ ಬರುತ್ತದೆ. ಗಂಗರ ಮೊದಲ ರಾಜಧಾನಿ ಇದೇ ಕೋಲಾರ. ಚೋಳರ ಕಾಲದ ಶಾಸನಗಳು ಊರೊಳಗೇ ಇವೆ. ಆದರೆ ಈ ಎರಡು ಸಂಗತಿಗಳು ಪಾಠಯೋಜನೆಯ ಕಾಲಂಗಳಲ್ಲಿ ಕಾಣಿಸಿಕೊಳ್ಳುವುದು ಅಪರೂಪ. ಇತಿಹಾಸ ಎಂದರೆ ಬೇರೆ ಊರಿನದು ಎಂಬ ಭಾವನೆ ನಮ್ಮ ಮಕ್ಕಳಲ್ಲಿ ಬೇರೂರಿರುವುದಕ್ಕೆ ಇದೂ ಒಂದು ಕಾರಣ.

ಇದಕ್ಕೆ ಪರಿಹಾರವಾಗಿ ಕಳೆದ ಕೆಲವು ತಂಡಗಳೊಂದಿಗೆ ನಾನು ಪ್ರಯತ್ನಿಸಿರುವ ವಿಧಾನವೇ ಧ್ವನಿ ನಡಿಗೆ. ಅದು ಏನು, ಅದನ್ನು ಸಿದ್ಧಪಡಿಸುವ ಕ್ರಮ ಯಾವುದು, ಅದರಿಂದ ಪ್ರಶಿಕ್ಷಣಾರ್ಥಿ ಏನು ಕಲಿಯುತ್ತಾನೆ ಅಥವಾ ಕಲಿಯುತ್ತಾಳೆ ಎಂಬುದನ್ನು ಇಲ್ಲಿ ವಿವರಿಸುತ್ತೇನೆ.

ಧ್ವನಿ ನಡಿಗೆ ಎಂದರೇನು?

ಒಂದು ಊರಿನಲ್ಲಿ ಕೆಲವು ಸ್ಥಳಗಳನ್ನು ಆಯ್ದು, ಪ್ರತಿ ಸ್ಥಳಕ್ಕೂ ಒಂದು ಚಿಕ್ಕ ಧ್ವನಿಮುದ್ರಿಕೆ ತಯಾರಿಸಿ, ನೋಡಲು ಬಂದವರು ಅಲ್ಲಿಯೇ ನಿಂತು ತಾವಾಗಿ ಕೇಳಿಕೊಳ್ಳುವಂತೆ ಮಾಡುವ ಏರ್ಪಾಡು ಇದು. ಜೊತೆಯಲ್ಲಿ ಗೈಡ್ ಇರುವುದಿಲ್ಲ. ಎಷ್ಟು ಹೊತ್ತು ನಿಲ್ಲಬೇಕು, ಯಾವುದನ್ನು ಮತ್ತೊಮ್ಮೆ ಕೇಳಬೇಕು ಎಂಬುದು ನಡೆಯುವವರಿಗೆ ಬಿಟ್ಟದ್ದು. ಜಗತ್ತಿನ ಅನೇಕ ಹಳೆಯ ನಗರಗಳನ್ನು ಪ್ರವಾಸಿಗರು ಈಗ ಹೀಗೆಯೇ ನೋಡುತ್ತಾರೆ. ಬ್ರೆಜಿಲ್ ದೇಶದ ಓರೊ ಪ್ರೆಟೊ ಅಂಥದೊಂದು ನಗರ. ಹದಿನೆಂಟನೇ ಶತಮಾನದಲ್ಲಿ ಚಿನ್ನದ ಗಣಿಗಳಿಂದ ಬೆಳೆದು, ಚಿನ್ನ ಮುಗಿದ ಮೇಲೆ ಸೊರಗಿದ ಆ ಊರಿನ ಹೆಸರಿಗೆ ‘ಕಪ್ಪು ಚಿನ್ನ’ ಎಂದರ್ಥ. 1980ರಲ್ಲಿ ಅದು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಚಿನ್ನ ಬೆಳೆಸಿದ ಊರು, ಚಿನ್ನ ನಿಂತ ಮೇಲಿನ ಊರು ಎಂದರೆ ಏನೆಂದು ನಮ್ಮ ಜಿಲ್ಲೆಯ ಮಕ್ಕಳಿಗೆ ಬಿಡಿಸಿ ಹೇಳಬೇಕಿಲ್ಲ. 2001ರಲ್ಲಿ ಮುಚ್ಚಿದ ಕೆಜಿಎಫ್ ಗಣಿಯ ಕಥೆ ಅವರ ಮನೆಗಳಲ್ಲೇ ಇದೆ.

ಪ್ರವಾಸಿಗೆ ಧ್ವನಿ ನಡಿಗೆ ಒಂದು ಅನುಕೂಲ. ಪ್ರಶಿಕ್ಷಣಾರ್ಥಿಗೆ ಅದು ಬಹಳ ಕಠಿಣವಾದ ಬರವಣಿಗೆಯ ಅಭ್ಯಾಸ. ತರಗತಿಯಲ್ಲಿ ಮಕ್ಕಳ ಮುಖ ನೋಡಿ ಮಾತನ್ನು ತಿದ್ದಿಕೊಳ್ಳಬಹುದು. ಧ್ವನಿಮುದ್ರಿಕೆಗೆ ಬಾಯಿ ಇದೆ, ಕಿವಿ ಇಲ್ಲ. ಮಗುವಿಗೆ ಅರ್ಥವಾಗಲಿಲ್ಲ ಎಂದು ಅದಕ್ಕೆ ತಿಳಿಯುವುದಿಲ್ಲ. ಮಗು ಕೇಳಿದ ಪ್ರಶ್ನೆ ಅದಕ್ಕೆ ಕೇಳಿಸುವುದಿಲ್ಲ. ಹಾಗಾಗಿ ಆ ಮಗು ಎಲ್ಲಿ ನಿಂತಿರುತ್ತದೆ, ಅದರ ಕಣ್ಣು ಮೊದಲು ಎಲ್ಲಿಗೆ ಹೋಗುತ್ತದೆ, ಯಾವ ಪದದ ಬಳಿ ತಡವರಿಸುತ್ತದೆ ಎಂಬುದನ್ನೆಲ್ಲ ಬರೆಯುವ ಮೊದಲೇ ಯೋಚಿಸಬೇಕಾಗುತ್ತದೆ. ಪಾಠಯೋಜನೆಯಿಂದ ನಾವು ನಿರೀಕ್ಷಿಸುವುದೂ ಇದನ್ನೇ ಅಲ್ಲವೇ?

ಮೂರು ನಿಲ್ದಾಣಗಳು

ಕೋಲಾರ ಪಟ್ಟಣದ ನಡಿಗೆಗೆ ನಾವು ಮೂರೇ ಸ್ಥಳಗಳನ್ನು ಆಯ್ದುಕೊಳ್ಳುತ್ತೇವೆ. ಒಂದು ಬೆಳಗಿನ ಅವಧಿಗೆ ಮಕ್ಕಳೊಂದಿಗೆ ಅದಕ್ಕಿಂತ ಹೆಚ್ಚು ಬೇಡ.

ಮೊದಲನೆಯದು ಕೋಲಾರಮ್ಮನ ದೇವಸ್ಥಾನ. ಹಿಂದೆ ಕುವಲಾಲ ಎನಿಸಿಕೊಂಡಿದ್ದ ಈ ಊರು ನಾಲ್ಕನೇ ಶತಮಾನದಲ್ಲಿ ಗಂಗರ ರಾಜಧಾನಿಯಾಗಿತ್ತು. ರಾಜಧಾನಿ ತಲಕಾಡಿಗೆ ಹೋದ ಮೇಲೂ ಗಂಗ ಅರಸರು ‘ಕುವಲಾಲಪುರವರೇಶ್ವರ’ ಎಂಬ ಬಿರುದನ್ನು ಬಿಡಲಿಲ್ಲ. ಹನ್ನೊಂದನೇ ಶತಮಾನದ ಆರಂಭದಲ್ಲಿ ಈ ಸೀಮೆ ಚೋಳರ ಕೈಸೇರಿ ‘ನಿಕರಿಲಿ ಚೋಳಮಂಡಲ’ ಎನಿಸಿತು. ದೇವಸ್ಥಾನದ ಕಲ್ಲುಗಳ ಮೇಲೆ ತಮಿಳು ಶಾಸನಗಳಿವೆ. ಇಟ್ಟಿಗೆಯಲ್ಲಿದ್ದ ಹಳೆಯ ಗುಡಿಯನ್ನು ರಾಜೇಂದ್ರ ಚೋಳನ ಕಾಲದಲ್ಲಿ ಕಲ್ಲಿನಲ್ಲಿ ಕಟ್ಟಿಸಿದ ಸಂಗತಿ ಅವುಗಳಿಂದ ತಿಳಿಯುತ್ತದೆ. ಬಿ. ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹತ್ತನೇ ಸಂಪುಟ ಪೂರ್ತಿಯಾಗಿ ಕೋಲಾರ ಜಿಲ್ಲೆಯ ಶಾಸನಗಳಿಗೆ ಮೀಸಲು. ಪ್ರಶಿಕ್ಷಣಾರ್ಥಿಗಳು ಅದನ್ನು ಒಮ್ಮೆಯಾದರೂ ಕೈಯಲ್ಲಿ ಹಿಡಿದು ನೋಡಬೇಕು. ಇದೇ ಆವರಣದಲ್ಲಿ ಸಪ್ತಮಾತೃಕೆಯರ ವಿಗ್ರಹಗಳಿವೆ, ಚೇಳಮ್ಮನ ಗುಡಿ ಇದೆ.

ಎರಡನೆಯದು ಸೋಮೇಶ್ವರ ದೇವಸ್ಥಾನ. ವಿಜಯನಗರ ಕಾಲದ ಇದರ ಮಹಾದ್ವಾರ, ಒಳಗಿನ ಕಲ್ಯಾಣ ಮಂಟಪದ ಕೆತ್ತನೆಯ ಕಂಬಗಳು ಎದ್ದು ಕಾಣುತ್ತವೆ. ಇಲ್ಲಿ ಮಕ್ಕಳಿಗೆ ಕೇಳಬೇಕಾದ ಮೊದಲ ಪ್ರಶ್ನೆ ಅರಸರ ಹೆಸರಲ್ಲ. ಗೋಪುರದಲ್ಲಿ ಕಲ್ಲು ಎಲ್ಲಿಗೆ ನಿಂತು ಇಟ್ಟಿಗೆ ಗಾರೆ ಎಲ್ಲಿಂದ ಶುರುವಾಗುತ್ತದೆ ಎಂದು ಕೇಳಿ. ಮಕ್ಕಳು ಕತ್ತೆತ್ತಿ ಹುಡುಕುತ್ತಾರೆ. ಆಮೇಲೆ, ಮೇಲಿನ ಭಾಗವನ್ನೂ ಕಲ್ಲಿನಲ್ಲೇ ಯಾಕೆ ಕಟ್ಟಲಿಲ್ಲ ಎಂದು ಕೇಳಿ. ಮೇಸ್ತ್ರಿಯ ಮಗನೋ ಮಗಳೋ ತರಗತಿಯಲ್ಲಿ ಇದ್ದರೆ ಭಾರದ ಮಾತು ಅವರ ಬಾಯಿಂದಲೇ ಬರುತ್ತದೆ.

ಮೂರನೆಯದು ಮಕ್ಬರಾ. ಹೈದರಾಲಿಯ ತಂದೆ ಫತೇ ಮುಹಮ್ಮದ್ ಅವರ ಸಮಾಧಿ ಇಲ್ಲಿದೆ. ಹೈದರ್ ಹುಟ್ಟಿದ್ದು ಇದೇ ಜಿಲ್ಲೆಯ ಬೂದಿಕೋಟೆಯಲ್ಲಿ. 1782ರ ಡಿಸೆಂಬರಿನಲ್ಲಿ ಚಿತ್ತೂರಿನ ಹತ್ತಿರದ ಪಾಳೆಯದಲ್ಲಿ ತೀರಿಕೊಂಡಾಗ ಆತನ ದೇಹವನ್ನು ಮೊದಲು ಕೋಲಾರಕ್ಕೆ ತಂದು ತಂದೆಯ ಸಮಾಧಿಯ ಬಳಿ ಇರಿಸಲಾಯಿತು. ಆನಂತರ ಶ್ರೀರಂಗಪಟ್ಟಣಕ್ಕೆ ಒಯ್ಯಲಾಯಿತು. ಮೈಸೂರು ಯುದ್ಧಗಳ ಪಾಠದಲ್ಲಿ ಬರೀ ಇಸವಿಗಳಾಗಿ ಉಳಿಯುವ ವ್ಯಕ್ತಿ ಇಲ್ಲಿ ಒಬ್ಬ ತಂದೆಯ ಮಗನಾಗಿ, ಈ ಊರಿನವನಾಗಿ ಕಾಣುತ್ತಾನೆ.

ಪಠ್ಯ ಬರೆಯುವ ಕ್ರಮ

ಪ್ರಶಿಕ್ಷಣಾರ್ಥಿಗಳ ಮೊದಲ ಕರಡು ಸಾಮಾನ್ಯವಾಗಿ ಹೀಗಿರುತ್ತದೆ: “ಕೋಲಾರಮ್ಮ ದೇವಾಲಯವು ಕೋಲಾರ ನಗರದಲ್ಲಿರುವ ಪ್ರಸಿದ್ಧ ಐತಿಹಾಸಿಕ ದೇವಾಲಯವಾಗಿದ್ದು, ಚೋಳರ ಕಾಲದ ವಾಸ್ತುಶಿಲ್ಪವನ್ನು ಹೊಂದಿದ್ದು, ಅನೇಕ ಶಾಸನಗಳನ್ನು ಒಳಗೊಂಡಿದೆ.” ಇದರಲ್ಲಿ ತಪ್ಪೇನೂ ಇಲ್ಲ. ಆದರೆ ದೇವಸ್ಥಾನದ ಮುಂದೆ ನಿಂತಿರುವ ಮಗುವಿಗೆ ಅದು ಕೋಲಾರದಲ್ಲಿದೆ ಎಂದು ಹೇಳಬೇಕಾಗಿಲ್ಲ. ಇದೇ ಭಾಗವನ್ನು ತಿದ್ದಿದ ಮೇಲೆ ಹೀಗಾಯಿತು:

“ಶಾಸನದ ಕಲ್ಲಿನಿಂದ ಎರಡು ಹೆಜ್ಜೆ ದೂರ ನಿಲ್ಲಿ. ಮುಟ್ಟಬೇಡಿ, ನೋಡಿ ಸಾಕು. ಸಾಲು ಸಾಲಾಗಿ ಅಕ್ಷರಗಳು ಕಾಣುತ್ತಿವೆಯಾ? ನಿಮಗೆ ಗೊತ್ತಿರುವ ಯಾವುದಾದರೂ ಅಕ್ಷರದ ಹಾಗೆ ಒಂದಾದರೂ ಇದೆಯಾ ಹುಡುಕಿ. ಈಗ ನಾನು ಸ್ವಲ್ಪ ಹೊತ್ತು ಸುಮ್ಮನಿರುತ್ತೇನೆ.”

ಒಂದು ಬೋಧನಾಭ್ಯಾಸದಲ್ಲಿ ಈ ಮೌನದ ನಡುವೆ ಒಬ್ಬ ಹುಡುಗಿ, “ಮೇಡಂ, ಇದು ನಮ್ಮಜ್ಜಿ ಓದೋ ಪೇಪರಿನ ಅಕ್ಷರದ ಥರ ಇದೆ” ಎಂದಳು. ಅವಳ ಮನೆಮಾತು ತಮಿಳು. ಅಂದು ತರಗತಿಯ ಉಳಿದ ಮಕ್ಕಳು ಅವಳನ್ನು ಸುತ್ತುವರಿದು ಕೇಳಿದ ಪ್ರಶ್ನೆಗಳು ಯಾವ ಪಾಠಯೋಜನೆಯಲ್ಲೂ ಇರಲಿಲ್ಲ.

ಒಂದು ನಿಲ್ದಾಣದ ಪಠ್ಯಕ್ಕೆ ಐದು ಅಂಗಗಳಿರಲಿ: ಎಲ್ಲಿ ನಿಲ್ಲಬೇಕೆಂಬ ಸೂಚನೆ, ಏನನ್ನು ನೋಡಬೇಕೆಂಬ ಸೂಚನೆ, ಮೌನ, ಮಾಹಿತಿ, ಕೊನೆಗೆ ಒಂದು ಪ್ರಶ್ನೆ. ಮಾಹಿತಿ ನಾಲ್ಕನೆಯದಾಗಿ ಬರುತ್ತದೆ ಎಂಬುದನ್ನು ಗಮನಿಸಿ. ನೋಡಿದ ಮೇಲೆ ಕೇಳಿದ್ದು ಉಳಿಯುತ್ತದೆ. ಒಂದು ಮುದ್ರಿಕೆ ಎರಡು ನಿಮಿಷ ದಾಟಬಾರದು; ವಾಕ್ಯಗಳು ಒಂದೇ ಉಸಿರಿಗೆ ಹೇಳುವಷ್ಟಿರಲಿ. ಬರೆದದ್ದನ್ನು ಸಹಪಾಠಿಯೊಬ್ಬರಿಗೆ ಓದಿ ಕೇಳಿಸಿ. ಅವರು ಕಣ್ಣು ಮುಚ್ಚಿ ಕೇಳಿ, ಎಲ್ಲಿ ನಿಂತಿದ್ದೇವೆಂದು ಹೇಳಲು ಸಾಧ್ಯವಾದರೆ ಕರಡು ಸರಿಯಾಗಿದೆ ಎಂದರ್ಥ.

ಹೇಳುವ ಕ್ರಿಯಾಪದದ ಜವಾಬ್ದಾರಿ

ಮುದ್ರಿತ ದನಿಗೆ ಒಂದು ಅಧಿಕಾರವಿದೆ. ಮಗು ಅದನ್ನು ತಡೆದು “ನಿಮಗೆ ಹೇಗೆ ಗೊತ್ತು?” ಎಂದು ಕೇಳಲಾರದು. ಆದ್ದರಿಂದ ಆ ಪ್ರಶ್ನೆಗೆ ಉತ್ತರ ಪಠ್ಯದೊಳಗೇ ಇರಬೇಕು. ಇದಕ್ಕಾಗಿ ಮೂರು ಮಾತುಗಳನ್ನು ಬೇರೆ ಬೇರೆಯಾಗಿ ಬಳಸಲು ಹೇಳುತ್ತೇನೆ: ‘ಶಾಸನ ಹೇಳುತ್ತದೆ’, ‘ಜನ ನಂಬುತ್ತಾರೆ’, ‘ಇತಿಹಾಸಕಾರರು ಊಹಿಸುತ್ತಾರೆ’. ಇಟ್ಟಿಗೆಯ ಗುಡಿ ಕಲ್ಲಿನದಾಯಿತು ಎಂಬುದು ಮೊದಲನೆಯದಕ್ಕೆ ಸೇರುತ್ತದೆ. ಚೇಳಮ್ಮನಿಗೆ ಹರಕೆ ಹೊತ್ತರೆ ಚೇಳು ಕಚ್ಚುವುದಿಲ್ಲ ಎಂಬುದು ಎರಡನೆಯದಕ್ಕೆ ಸೇರುತ್ತದೆ. ಎರಡನೆಯದು ಕೀಳಲ್ಲ; ಅದೂ ಸಮಾಜ ವಿಜ್ಞಾನದ ವಿಷಯವೇ. ಆದರೆ ಒಂದರ ಜಾಗದಲ್ಲಿ ಇನ್ನೊಂದು ಕೂರಬಾರದು.

ದೇವಸ್ಥಾನ, ಮಕ್ಬರಾ ಎರಡೂ ಇರುವ ನಡಿಗೆಯಲ್ಲಿ ಇದು ಇನ್ನೂ ಮುಖ್ಯ. ಯಾವ ಮನೆಯ ಮಗುವೇ ಆಗಲಿ, ಮೂರೂ ಕಡೆ ‘ಇದು ನಮ್ಮೂರಿನದು’ ಎಂದು ನಿಲ್ಲುವಂತಿರಬೇಕು. ‘ಅವರು ಕಟ್ಟಿದ್ದು’, ‘ನಮ್ಮವರು ಕಟ್ಟಿದ್ದು’ ಎಂಬ ಸರ್ವನಾಮಗಳು ಕರಡಿನಲ್ಲಿ ಕಂಡರೆ ನಾನು ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ಕಟ್ಟಿದವರ ಹೆಸರು ಅಥವಾ ಕಾಲವನ್ನು ಬರೆಯಲು ಹೇಳುತ್ತೇನೆ.

ಭಾಷೆಯ ಪ್ರಶ್ನೆ

ನಮ್ಮ ಶಾಲೆಗಳಲ್ಲಿ ಮನೆಮಾತು ತೆಲುಗು ಆಗಿರುವ ಮಕ್ಕಳು ಬಹಳ. ಉರ್ದು, ತಮಿಳು ಮಾತಾಡುವವರೂ ಇದ್ದಾರೆ. ಕಲಿಕೆಯ ಮಾಧ್ಯಮ ಕನ್ನಡವಾದ್ದರಿಂದ ಮುಖ್ಯ ಮುದ್ರಿಕೆ ಕನ್ನಡದಲ್ಲಿರಲಿ. ಅದು ಆಡುಗನ್ನಡಕ್ಕೆ ಹತ್ತಿರವಿರಲಿ. ಪ್ರತಿ ನಿಲ್ದಾಣದಲ್ಲಿ ಒಂದು ಚಿಕ್ಕ ತುಣುಕು ಮಾತ್ರ ಮಕ್ಕಳ ಮನೆಯ ಹಿರಿಯರ ದನಿಯಲ್ಲಿ, ಅವರದೇ ಮಾತಿನಲ್ಲಿ ಬರಲಿ: ಜಾತ್ರೆಯ ನೆನಪು, ಕೆರೆ ತುಂಬಿದ ವರ್ಷದ ನೆನಪು ಇತ್ಯಾದಿ. ಅದನ್ನು ಕನ್ನಡದಲ್ಲಿ ಹೇಳುವ ಕೆಲಸ ಮಕ್ಕಳಿಗೇ ಇರಲಿ. ಮೌಖಿಕ ಇತಿಹಾಸ, ಅನುವಾದ ಎರಡೂ ಹೀಗೆ ಒಟ್ಟಿಗೆ ನಡೆಯುತ್ತವೆ.

ಇತರ ತಾಲ್ಲೂಕುಗಳಲ್ಲಿ

ಮುಳಬಾಗಿಲಿಗೆ ನಿಯೋಜನೆಗೊಂಡವರಿಗೆ ಊರಿನ ಹೆಸರೇ ಮೊದಲ ನಿಲ್ದಾಣ: ಮೂಡಲ ಬಾಗಿಲು, ಅಂದರೆ ಪೂರ್ವದ ಬಾಗಿಲು. ಆಂಜನೇಯ ದೇವಸ್ಥಾನ, ಹೈದರ್ ವಲಿ ದರ್ಗಾ, ಶ್ರೀಪಾದರಾಜರ ಬೃಂದಾವನವಿರುವ ನರಸಿಂಹತೀರ್ಥ ಇಲ್ಲಿವೆ, ಡಿ. ವಿ. ಗುಂಡಪ್ಪನವರು 1887ರಲ್ಲಿ ಹುಟ್ಟಿದ್ದೂ ಇಲ್ಲಿಯೇ. ಆವಣಿಯ ರಾಮಲಿಂಗೇಶ್ವರ ಗುಡಿಗಳಲ್ಲಿ ನೊಳಂಬರ ಕಾಲದ ಕಟ್ಟಡ ಮತ್ತು ವಾಲ್ಮೀಕಿ ಆಶ್ರಮದ ಐತಿಹ್ಯ ಒಂದೇ ಜಾಗದಲ್ಲಿ ಸಿಗುವುದರಿಂದ, ಮೇಲೆ ಹೇಳಿದ ಮೂರು ಕ್ರಿಯಾಪದಗಳ ಅಭ್ಯಾಸಕ್ಕೆ ಅದಕ್ಕಿಂತ ಒಳ್ಳೆಯ ಸ್ಥಳವಿಲ್ಲ.

ಹಳೆಯ ಕಟ್ಟಡ ಇದ್ದರೆ ಮಾತ್ರ ಧ್ವನಿ ನಡಿಗೆ ಎಂದುಕೊಳ್ಳಬೇಕಾಗಿಲ್ಲ. ಮಾಲೂರಿನಲ್ಲಿ ಇಟ್ಟಿಗೆ, ಹೆಂಚಿನ ಕೆಲಸವಿದೆ. ಅದೇ ತಾಲ್ಲೂಕಿನಲ್ಲಿ ಮಾಸ್ತಿ ವೆಂಕಟೇಶ ಅಯ್ಯಂಗಾರರ ಮಾಸ್ತಿ ಗ್ರಾಮವಿದೆ. ಶ್ರೀನಿವಾಸಪುರದಲ್ಲಿ ಮಾವಿನ ಮಂಡಿಯೇ ಪಾಠ. ತೋತಾಪುರಿ, ಬಾದಾಮಿ, ರಸಪುರಿ, ನೀಲಂ ರಾಶಿಗಳ ನಡುವೆ ನಿಂತು, ಯಾವ ಹಣ್ಣು ಎಲ್ಲಿಗೆ ಹೋಗುತ್ತದೆ, ಯಾವುದು ತಿರುಳು ತೆಗೆಯುವ ಕಾರ್ಖಾನೆಗೆ ಹೋಗುತ್ತದೆ ಎಂದು ಕೇಳಿಸಿದರೆ ಅರ್ಥಶಾಸ್ತ್ರ, ಭೂಗೋಳ ಎರಡೂ ಅಲ್ಲಿಯೇ ಇವೆ. ಆದರೆ ಹಂಗಾಮು ಬೇಸಿಗೆ ರಜೆಗೆ ತಾಗಿ ಬರುವುದರಿಂದ ಮಂಡಿಯ ಸದ್ದನ್ನು ಆಗಲೇ ಮುದ್ರಿಸಿಟ್ಟುಕೊಳ್ಳಬೇಕು.

ಸಿದ್ಧತೆ ಮತ್ತು ಸುರಕ್ಷತೆ

ಎಲ್ಲ ಮಕ್ಕಳ ಬಳಿ ಫೋನ್ ಇರುವುದಿಲ್ಲ, ಇರಬೇಕಾಗಿಯೂ ಇಲ್ಲ. ಐದು ಮಕ್ಕಳ ಗುಂಪಿಗೆ ಪ್ರಶಿಕ್ಷಣಾರ್ಥಿಯ ಒಂದು ಫೋನ್, ಒಂದು ಚಿಕ್ಕ ಸ್ಪೀಕರ್ ಸಾಕು. ಇಯರ್‌ಫೋನ್ ಬೇಡ; ಕಿವಿ ಮುಚ್ಚಿಕೊಂಡ ಮಗುವಿಗೆ ವಾಹನದ ಸದ್ದು ಕೇಳುವುದಿಲ್ಲ. ಮುದ್ರಿಕೆಗಳನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ನಡೆಯುವಾಗ ದನಿ ಇಲ್ಲ, ನಿಂತಾಗ ಮಾತ್ರ ದನಿ ಎಂಬುದು ಮುರಿಯಬಾರದ ನಿಯಮ. ಮುಖ್ಯ ಶಿಕ್ಷಕರ ಮತ್ತು ಪೋಷಕರ ಒಪ್ಪಿಗೆ ಪತ್ರ, ಸ್ಥಳದವರ ಅನುಮತಿ, ಪೂಜೆ ಮತ್ತು ಪ್ರಾರ್ಥನೆಯ ವೇಳೆ ಬಿಟ್ಟು ಭೇಟಿ, ಕುಡಿಯುವ ನೀರು ಇವೆಲ್ಲ ಪಾಠಯೋಜನೆಯ ಭಾಗವಾಗಿಯೇ ಬರಲಿ. ಒಳಗೆ ಹೋಗಲು ಇಷ್ಟವಿಲ್ಲದ ಮಗುವಿಗೆ ಹೊರಗೆ ನಿಂತೇ ಮಾಡಬಹುದಾದ ಚಟುವಟಿಕೆ ಇರಲಿ.

ಮೌಲ್ಯಮಾಪನ

ನಡಿಗೆಯ ಮರುದಿನ ಎಷ್ಟು ಇಸವಿ ನೆನಪಿದೆ ಎಂದು ಕೇಳುವುದರಿಂದ ಪ್ರಯೋಜನ ಕಡಿಮೆ. ಪ್ರತಿ ಗುಂಪೂ ತನ್ನ ಬೀದಿಯ ಒಂದು ಜಾಗಕ್ಕೆ ಒಂದು ನಿಮಿಷದ ಪಠ್ಯ ಬರೆಯಲಿ: ಬಾವಿ, ಅರಳಿಕಟ್ಟೆ, ಹಾಲಿನ ಡೇರಿ ಯಾವುದಾದರೂ ಆಗಬಹುದು. ಅದನ್ನು ಮೂರು ಅಂಶಗಳಿಂದ ಅಳೆಯಬಹುದು: ಕೇಳುಗನನ್ನು ಸರಿಯಾದ ಜಾಗದಲ್ಲಿ ನಿಲ್ಲಿಸಿದೆಯೇ, ಕಣ್ಣಿಗೆ ಕಾಣುವ ಒಂದು ಆಧಾರ ತೋರಿಸಿದೆಯೇ, ಗೊತ್ತಿರುವುದನ್ನೂ ನಂಬಿಕೆಯನ್ನೂ ಬೇರೆ ಮಾಡಿ ಹೇಳಿದೆಯೇ. ಪ್ರಶಿಕ್ಷಣಾರ್ಥಿಯ ಮುದ್ರಿಕೆಗೂ ಇದೇ ಅಳತೆ ಅನ್ವಯಿಸುತ್ತದೆ. ಜೊತೆಗೆ ಸಹಪಾಠಿ ಅವಲೋಕಕರು ಇನ್ನೊಂದನ್ನು ದಾಖಲಿಸಲಿ: ದನಿ ನಿಂತ ಮೇಲೆ ಮಕ್ಕಳು ಎಷ್ಟು ಹೊತ್ತು ಆ ಗೋಡೆಯನ್ನೇ ನೋಡುತ್ತಿದ್ದರು, ಏನೇನು ಕೇಳಿದರು. ಆ ಪ್ರಶ್ನೆಗಳ ಪಟ್ಟಿಯನ್ನು ಹಾಗೆಯೇ ಇಟ್ಟುಕೊಳ್ಳಿ. ತರಗತಿಗೆ ಮರಳಿದ ಮೇಲಿನ ಮುಂದಿನ ಪಾಠಯೋಜನೆಗೆ ಅದೇ ಮೊದಲ ಪುಟ.